ಬೆನ್ನು ನೆಲಕ್ಕೆ ತಾಗಿದ ಮೇಲೆ: ಸಣ್ಣ ಬಜೆಟ್ಟಿನ ಸಿನಿಮಾದಲ್ಲಿ ಗರಡಿ ಪೈಲ್ವಾನನಿಗೂ ಕೇಜ್ ಫೈಟರ್‌ಗೂ ಜೋಡಿ ಕಟ್ಟುವಾಗ

ಗರಡಿ ಕುಸ್ತಿಯಲ್ಲಿ ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಚಿತ್ ಮಾಡಿದವನು ಎದ್ದು ತೊಡೆ ತಟ್ಟುತ್ತಾನೆ, ಹಲಗೆ ವಾದ್ಯದ ಸದ್ದು ಏರುತ್ತದೆ. ಗುದ್ದು, ಒದೆತ, ಹಿಡಿತ ಎಲ್ಲವೂ ಸಲ್ಲುವ ಕೇಜ್‌ನಲ್ಲಿ, ಅಂದರೆ ಜಾಲರಿ ಸುತ್ತಿದ ಕಣದಲ್ಲಿ, ಅದೇ ಗಳಿಗೆಗೆ ಆಟ ಅರ್ಧವೂ ಆಗಿರುವುದಿಲ್ಲ. ಬೆನ್ನ ಮೇಲೆ ಬಿದ್ದವನು ಎರಡೂ ಕಾಲನ್ನು ಮೇಲಿನವನ ಸೊಂಟಕ್ಕೆ ಸುತ್ತಿ, ಅಲ್ಲಿಂದಲೇ ತೋಳು ತಿರುಚುವ, ಕತ್ತು ಅಮುಕುವ ಕೆಲಸ ಶುರುಮಾಡುತ್ತಾನೆ. ಈ ಇಬ್ಬರಿಗೂ ಪರದೆಯ ಮೇಲೆ ಜೋಡಿ ಕಟ್ಟುವವರು ಮೊದಲು ಹಿಡಿಯಬೇಕಾದ್ದು ಈ ವ್ಯತ್ಯಾಸವನ್ನು. ನಟರನ್ನು ಹಗ್ಗ ಕಟ್ಟಿ ಹಾರಿಸುವುದಕ್ಕೆ ದುಡ್ಡು ಬೇಕು, ಇದಕ್ಕೆ ಬೇಡ. ಆದ್ದರಿಂದಲೇ ಕಡಿಮೆ ಬಜೆಟ್ಟಿನವರಿಗೆ ಇದು ಒದಗಿಬರುತ್ತದೆ.

ಇದು ಕಾಗದದ ಮೇಲಿನ ಕಲ್ಪನೆಯೂ ಅಲ್ಲ. 1976ರ ಜೂನ್‌ನಲ್ಲಿ ಟೋಕಿಯೊದಲ್ಲಿ ಜಪಾನಿನ ವೃತ್ತಿಪರ ಕುಸ್ತಿಪಟು ಆಂಟೊನಿಯೊ ಇನೋಕಿ ಬಾಕ್ಸರ್ ಮಹಮ್ಮದ್ ಅಲಿಯ ಎದುರು 15 ಸುತ್ತುಗಳ ಬಹುಪಾಲು ಬೆನ್ನ ಮೇಲೆ ಬಿದ್ದುಕೊಂಡೇ ಅವನ ಕಾಲಿಗೆ ಒದೆಯುತ್ತ ಕಳೆದ. ಅಲಿಗೆ ಗುದ್ದಲು ಎದುರಿಗೆ ಆಳೇ ಸಿಗಲಿಲ್ಲ. ಅದೇ ವರ್ಷದ ಕೊನೆಗೆ ಕರಾಚಿಯಲ್ಲಿ ಪಾಕಿಸ್ತಾನದ ಅಕ್ರಂ ಪೈಲ್ವಾನರ ತೋಳಿಗೆ ಇನೋಕಿ ಬೀಗ (ಕೀಲು ತಿರುಚುವ ಹಿಡಿತ) ಹಾಕಿದಾಗ ಪೈಲ್ವಾನರು ಸೋಲು ಒಪ್ಪಲಿಲ್ಲ, ತೋಳಿನ ಕೀಲು ತಪ್ಪಿತು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಕೇಜ್ ಕಾಳಗದ ಪಂದ್ಯಾವಳಿ ಯುಎಫ್‌ಸಿ ಮೊದಲ ಸಲ ನಡೆದಾಗ, ಮೈಕಟ್ಟಿನಲ್ಲಿ ಯಾರನ್ನೂ ಹೆದರಿಸದ ಬ್ರೆಜಿಲ್‌ನ ಜುಜಿತ್ಸು ಪಟು ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ನೆಲಕ್ಕೆ ಕೊಂಡೊಯ್ದು ಸೋಲೊಪ್ಪಿಸಿದ. ಒಂದು ವಿದ್ಯೆಯಲ್ಲಿ ಕೊನೆ ಅನ್ನಿಸಿಕೊಂಡದ್ದು ಇನ್ನೊಂದರಲ್ಲಿ ಬಾಗಿಲು. ಕಥೆ ಬರೆಯುವವರು ಇಷ್ಟನ್ನು ಹಿಡಿದರೆ ಎರಡು ಕಡೆಗೂ ನ್ಯಾಯ ಸಿಗುತ್ತದೆ. 'ನಮ್ಮ ಸಂಪ್ರದಾಯವೇ ಮೇಲು' ಎಂದು ಪೈಲ್ವಾನನ ಕೈಲಿ ಕೊನೆಗೆ ಒಂದು ಗುದ್ದು ಗುದ್ದಿಸಿ ಗೆಲ್ಲಿಸುವುದು ಗರಡಿಗೇ ಮಾಡುವ ಅವಮಾನ. ಅವನು ಗುದ್ದುವುದನ್ನು ಕಲಿತವನೇ ಅಲ್ಲ. ಗುದ್ದು, ರಕ್ತ ಎರಡೂ ಬೇಕೆಂದರೆ ನಮ್ಮಲ್ಲಿ ಅದಕ್ಕೆ ಬೇರೆ ವಿದ್ಯೆ ಇದೆ: ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜೆಟ್ಟಿಗಳು ತಲೆ ಬೋಳಿಸಿಕೊಂಡು ಆಡುವ ವಜ್ರಮುಷ್ಟಿ ಕಾಳಗ. ಅಲ್ಲಿ ಮೊದಲ ಹನಿ ನೆತ್ತರು ಕಂಡರೆ ಮುಗಿಯಿತು.

ಕಥೆಯ ಮಾತುಕತೆ ಮುಗಿದ ಮೇಲೆ ಕೈ ಹಾಕುವುದು ಎರಡು ನೆಲಗಳಿಗೆ. ಮಣ್ಣಿನ ಅಖಾಡವನ್ನು ಸಾಧ್ಯವಾದರೆ ಕಟ್ಟಬಾರದು, ಇರುವ ಗರಡಿಯನ್ನೇ ಕೇಳಬೇಕು. ಮೈಸೂರಿನ ಹಳೆಯ ಕೇರಿಗಳಲ್ಲಿ, ಧಾರವಾಡ, ಬೆಳಗಾವಿ ಕಡೆಯ ಊರುಗಳಲ್ಲಿ ಇನ್ನೂ ಮಣ್ಣು ತಿರುವುವ ಗರಡಿಗಳಿವೆ. ಉಸ್ತಾದರ ಒಪ್ಪಿಗೆ ಮೊದಲು, ಲೈಟು ಆಮೇಲೆ. ಚಪ್ಪಲಿ ಹೊರಗೆ. ಟ್ರೈಪಾಡಿನ ಕಾಲನ್ನೂ ಮಣ್ಣಿನ ಮೇಲೆ ಇಡುವ ಮುನ್ನ ಕೇಳಬೇಕು. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಅವರು ಎಲ್ಲಿವರೆಗೆ ಬರಬಹುದು ಎಂಬುದನ್ನು ಮುಂಚೆಯೇ ಮಾತಾಡಿಕೊಳ್ಳಿ. ಕೆಲವು ಗರಡಿಗಳಲ್ಲಿ ಹಳೆಯ ಕಟ್ಟುಪಾಡು ಇನ್ನೂ ಇದೆ, ಶೂಟಿಂಗ್ ದಿನ ಬೆಳಗ್ಗೆ ಗೊತ್ತಾದರೆ ಎಲ್ಲರಿಗೂ ಬೇಸರ.

ಗರಡಿ ಸಿಗದೆ ಕಟ್ಟಲೇಬೇಕಾದರೆ 20 ಅಡಿ ಚೌಕ, 1 ಅಡಿ ಆಳ. ಅಂದರೆ 400 ಘನ ಅಡಿ ಮಣ್ಣು. ಒಂದು ಟ್ರ್ಯಾಕ್ಟರ್ ಟ್ರೈಲರಿಗೆ ಸುಮಾರು 100 ಘನ ಅಡಿ ಹಿಡಿದರೆ ನಾಲ್ಕು ಲೋಡು. ಜರಡಿ ಹಿಡಿದಾಗ ಕಲ್ಲು, ಬೇರು ಹೋಗುವುದರಿಂದ ಐದು ತರಿಸಬೇಕು. ಮರಳು ಕೂಡದು, ಚರ್ಮ ಉಜ್ಜಿಹೋಗುತ್ತದೆ. ಜೇಡಿಯೂ ಕೂಡದು, ಒಣಗಿದರೆ ಸಿಮೆಂಟು. ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಹಾಯಿಸಿದ ಕೆಮ್ಮಣ್ಣೇ ಆಗಬೇಕು. ಗರಡಿಗಳಲ್ಲಿ ಅರಿಸಿನ, ಎಣ್ಣೆ, ಮಜ್ಜಿಗೆ, ನಿಂಬೆರಸ, ಕುಂಕುಮ ಬೆರೆಸುತ್ತಾರೆ. ಸಿನಿಮಾಕ್ಕೆ ಅರಿಸಿನ, ಎಣ್ಣೆ ಸಾಕು; ಕುಂಕುಮ ಹಾಕಿದರೆ ಮೈಗೆ ಬಣ್ಣ ಹತ್ತಿ, ಎರಡನೇ ಟೇಕಿಗೆ ತೊಳೆದರೂ ಹೋಗುವುದಿಲ್ಲ, ಕಂಟಿನ್ಯುಟಿ, ಅಂದರೆ ಶಾಟಿನಿಂದ ಶಾಟಿಗೆ ಇರಬೇಕಾದ ಹೊಂದಿಕೆ, ಕೆಡುತ್ತದೆ.

ನೀರು ಚಿಮುಕಿಸುವ ಹೊತ್ತು ಮುಖ್ಯ. ಹಿಂದಿನ ಸಂಜೆ ಚಿಮುಕಿಸಿ, ಬೆಳಗ್ಗೆ ಗುದ್ದಲಿಯಿಂದ ತಿರುವಿ, ಮರದ ಹಲಗೆ ಎಳೆದು ಸಮ ಮಾಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು, ಅದೇ ಹದ. ಬೆಳಗ್ಗೆಯೇ ನೀರು ಹಾಕಿದರೆ ಮೇಲ್ಪದರ ಕೆಸರಾಗಿ ಕಾಲು ಜಾರುತ್ತದೆ, ಕೆಳಗೆ ಒಣಗಿದ್ದು ಗಟ್ಟಿಯಾಗಿಯೇ ಉಳಿದು ಬೆನ್ನಿಗೆ ಬಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಲೈಟಿನ ಶಾಖಕ್ಕೆ ಮಣ್ಣು ಧೂಳೇಳುವುದರಿಂದ ಊಟದ ಬಿಡುವಿನಲ್ಲಿ ಮತ್ತೊಮ್ಮೆ ತಿರುವಲು ಇಬ್ಬರು ಆಳು ಬೇಕೇ ಬೇಕು. ಕಣ್ಣು ತೊಳೆಯಲು ಶುದ್ಧ ನೀರು ಅಖಾಡದ ಅಂಚಿನಲ್ಲೇ ಇರಲಿ.

ಕೇಜ್ ಕಟ್ಟುವುದು ಹೆಚ್ಚು ಖರ್ಚಿನ ಬಾಬತ್ತು. ಯುಎಫ್‌ಸಿಯ ಎಂಟು ಮೂಲೆಯ ಕೇಜ್ ಒಳಗೆ 30 ಅಡಿ ಅಗಲ. ಕಡಿಮೆ ಜನ, ಕಡಿಮೆ ಲೈಟು ಇರುವಾಗ ಅಷ್ಟು ಕಟ್ಟಿದರೆ ಪರದೆ ಬರಿದಾಗಿ ಕಾಣುತ್ತದೆ. ನಮ್ಮ ಲೆಕ್ಕಕ್ಕೆ 22 ಅಡಿ ಸಾಕು. ಎದುರುಬದುರು ಬದಿಗಳ ನಡುವಿನ ಅಗಲವನ್ನು 0.414ರಿಂದ ಗುಣಿಸಿದರೆ ಒಂದು ಬದಿಯ ಉದ್ದ: 22 ಅಡಿಗೆ 9 ಅಡಿ 1 ಇಂಚು ಚಿಲ್ಲರೆ. ಚೌಕಟ್ಟು ನಿಲ್ಲಿಸಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. ನಾಲ್ಕೂ ಅಳತೆ ಸುಮಾರು 23 ಅಡಿ 10 ಇಂಚು ಬರಬೇಕು. ಒಂದು ಕಡೆ ಎರಡು ಇಂಚು ಹೆಚ್ಚುಕಮ್ಮಿಯಾದರೂ ಕೊನೆಯ ಬದಿಯ ಜಾಲರಿ ಚೌಕಟ್ಟಿಗೆ ಕೂರುವುದಿಲ್ಲ, ವೆಲ್ಡರ್ ಅದನ್ನು ಎಳೆದು ಕೂರಿಸುತ್ತಾನೆ, ಮೊದಲ ಒದೆತಕ್ಕೆ ಬಿಚ್ಚಿಕೊಳ್ಳುತ್ತದೆ. ಈ ಅಳತೆಯ ಕೇಜ್‌ನ ನೆಲ ಹತ್ತಿರಹತ್ತಿರ 400 ಚದರ ಅಡಿ, ಮಣ್ಣಿನ ಅಖಾಡದಷ್ಟೇ. ಇಬ್ಬರೂ ಒಂದೇ ಜಾಗದಲ್ಲಿ ಬೇರೆ ಬೇರೆ ಥರ ಓಡಾಡುವುದು ನೋಡುವವರ ಕಣ್ಣಿಗೆ ತಾನಾಗಿ ಬೀಳುತ್ತದೆ.

ಕಂಬಕ್ಕೆ 2 ಇಂಚಿನ ಕಬ್ಬಿಣದ ಪೈಪು, 6 ಅಡಿ ಎತ್ತರ, ಒಳಬದಿಗೆ 3 ಇಂಚು ದಪ್ಪದ ಫೋಮ್ ಸುತ್ತಿ ರೆಕ್ಸಿನ್ ಹೊದಿಕೆ. ಜಾಲರಿ 2 ಇಂಚು ಕಣ್ಣಿನ ಚೈನ್‌ಲಿಂಕ್, ಕಪ್ಪು ಪಿವಿಸಿ ಹೊದಿಕೆಯದು. ಬಿಳಿ ಜಿಐ (ಸತು ಲೇಪಿಸಿದ) ಜಾಲರಿ ಅಗ್ಗ, ಆದರೆ ಲೈಟು ಬಿದ್ದೊಡನೆ ಹೊಳೆದು ಹಿಂದಿನ ಆಳನ್ನೇ ನುಂಗುತ್ತದೆ. ಜಾಲರಿಯ ಮೇಲಂಚಿನ ತಂತಿ ಮಡಚಿದ್ದಾಗಿರಬೇಕು, ತಿರುಚಿ ಮುಳ್ಳಿನಂತೆ ಬಿಟ್ಟಿರಬಾರದು. ಅಂಚಿಗೂ ಫೋಮ್ ಕೊಳವೆ. ಜಾಲರಿ ಸಡಿಲ ಬಿಟ್ಟರೆ ಆಳು ಒರಗಿದಾಗ ಚೀಲದಂತೆ ಜೋತು, ಹಿಂದೆ ನಿಂತ ಕ್ಯಾಮೆರಾಕ್ಕೆ ತಾಗುತ್ತದೆ. ಬಿಗಿ ಹೆಚ್ಚಾದರೆ ಗೋಡೆಗೆ ಒಗೆದಂತೆ ಪಕ್ಕೆಲುಬಿಗೆ ಪೆಟ್ಟು. ಅಂಗೈಯಿಂದ ಜೋರಾಗಿ ತಳ್ಳಿದಾಗ ನಾಲ್ಕು ಬೆರಳಷ್ಟು ಹಿಂದೆ ಹೋದರೆ ಸರಿ. ಎಂಟರಲ್ಲಿ ಎರಡು ಬದಿಯನ್ನು ಬೋಲ್ಟ್ ಬಿಚ್ಚಿ ತೆಗೆಯುವಂತೆ ಇಟ್ಟುಕೊಂಡರೆ ಕ್ಯಾಮೆರಾ ಒಳಗೆ ಬರುತ್ತದೆ. ಮೂರನೆಯದರಲ್ಲಿ ಕಣ್ಣಿನ ಎತ್ತರಕ್ಕೆ ಅರ್ಧ ಅಡಿ ಚೌಕದ ಕಿಂಡಿ ಕತ್ತರಿಸಿ, ತಂತಿ ತುದಿಗಳನ್ನು ಮಡಚಿ ಬಟ್ಟೆ ಟೇಪು ಸುತ್ತಿದರೆ ಲೆನ್ಸಿಗೆ ಅದೇ ಕಿಟಕಿ.

ನೆಲಕ್ಕೆ ಎರಡು ಪದರ 18 ಮಿ.ಮೀ. ಪ್ಲೈವುಡ್, ಒಂದರ ಕೂಡುಗೆ ಇನ್ನೊಂದರ ಮೇಲೆ ಬಾರದಂತೆ ಅಡ್ಡಡ್ಡ. 8x4 ಅಡಿಯ ಹಾಳೆ ಪದರಕ್ಕೆ 15, ಮೂಲೆ ಕತ್ತರಿಸಿದ್ದು ವ್ಯರ್ಥವಾಗುವುದೂ ಸೇರಿ. ಕೆಳಗೆ ಅಡಿಗೊಂದರಂತೆ ತೊಲೆ. ಮೇಲೆ 40 ಮಿ.ಮೀ. ಇವಿಎ ಫೋಮ್ ಮ್ಯಾಟು, ಮೀಟರ್ ಚೌಕದವು 44 ಬೇಕಾಗುತ್ತವೆ, ಅದರ ಮೇಲೆ ಬಿಗಿಯಾಗಿ ಎಳೆದ ಕ್ಯಾನ್ವಾಸ್. ಮ್ಯಾಟುಗಳ ನಡುವೆ ಸಂದು ಬಿಟ್ಟರೆ ಕಾಲ್ಬೆರಳು ಸಿಕ್ಕಿಕೊಂಡು ಕಣಕಾಲು ತಿರುಚುತ್ತದೆ. ಕೇಜ್ ಶೂಟಿಂಗಿನಲ್ಲಿ ಗುದ್ದಿಗಿಂತ ಹೆಚ್ಚು ಗಾಯ ಇದರಿಂದಲೇ. ಎತ್ತಿ ಒಗೆಯುವ ಒಂದು ಜಾಗವನ್ನು ಮೊದಲೇ ಗುರುತಿಸಿ, ಅಲ್ಲಿ 4x6 ಅಡಿಯಷ್ಟು ಪ್ಲೈವುಡ್ಡನ್ನು ತಗ್ಗಿಸಿ 8 ಇಂಚಿನ ಕ್ರ್ಯಾಶ್ ಮ್ಯಾಟನ್ನು ನೆಲಸಮವಾಗಿ ಹೂತುಬಿಡುತ್ತೇವೆ. ಮ್ಯಾಟಿನ ಮೇಲೆ ಮ್ಯಾಟು ಇಟ್ಟು ಕ್ಯಾನ್ವಾಸ್ ಹೊದಿಸಿದರೆ ಉಬ್ಬು ಕಾಣುತ್ತದೆ, ಫೈಟರುಗಳು ತಿಳಿಯದೆಯೇ ಅತ್ತ ಕಣ್ಣು ಹಾಯಿಸುತ್ತಾರೆ. ಆ ನೋಟ ಪ್ರೇಕ್ಷಕನಿಗೂ ಸಿಕ್ಕಿಬಿಡುತ್ತದೆ.

ಇನ್ನು ಆಟ. ರಿಹರ್ಸಲ್ಲಿಗೆ ಮೂರು ವಾರ, ದಿನಕ್ಕೆ ಎರಡು ಗಂಟೆ. ಮೊದಲ ವಾರ ಇಬ್ಬರನ್ನೂ ಎದುರುಬದುರು ನಿಲ್ಲಿಸುವುದೇ ಇಲ್ಲ. ಪೈಲ್ವಾನನ ಪಾತ್ರಧಾರಿ ಗರಡಿಯಲ್ಲಿ ಬಸ್ಕಿ, ದಂಡ ಹೊಡೆದು, ಮಣ್ಣಿನಲ್ಲಿ ನಿಲ್ಲುವುದನ್ನು ಕಲಿಯಬೇಕು. ಇನ್ನೊಬ್ಬ ಮ್ಯಾಟಿನ ಮೇಲೆ. ಏಕೆಂದರೆ ಎರಡು ವಿದ್ಯೆಯ ಗುರುತು ಮೊದಲು ಕಾಣುವುದು ನಿಲುವಿನಲ್ಲಿ. ಪೈಲ್ವಾನ ತಗ್ಗಿ, ತಲೆ ಮುಂದೆ ಚಾಚಿ, ಹಣೆಗೆ ಹಣೆ ಕೊಟ್ಟು, ಒಂದು ಕೈಯಲ್ಲಿ ಕತ್ತು ಹಿಡಿಯುತ್ತಾನೆ. ಕೇಜ್‌ನಲ್ಲಿ ಹೀಗೆ ತಲೆ ಕೊಟ್ಟವನಿಗೆ ಮೊಣಕಾಲಿನ ಏಟು, ಇಲ್ಲವೇ ಕಂಕುಳಲ್ಲಿ ಕತ್ತು ಸಿಕ್ಕಿಕೊಳ್ಳುವ ಗಿಲೊಟಿನ್. ಪೈಲ್ವಾನ ಮುಷ್ಟಿ ಮಣ್ಣು ತೆಗೆದು ಎದುರಾಳಿಯ ಮೈಗೆ ಹಚ್ಚುತ್ತಾನೆ, ಬೆವರಿದ ಮೈ ಜಾರಬಾರದೆಂದು. ಕೇಜ್‌ನಲ್ಲಿ ಹಚ್ಚಲು ಮಣ್ಣಿಲ್ಲ. ಕುಸ್ತಿಯಲ್ಲಿ ಲಂಗೋಟಿಗೆ ಕೈ ಹಾಕಿ ಎತ್ತಬಹುದು. ಕೇಜ್‌ನಲ್ಲಿ ಚಡ್ಡಿ ಹಿಡಿದರೂ ತಪ್ಪು, ಜಾಲರಿ ಹಿಡಿದರೂ ತಪ್ಪು. ಇದನ್ನು ಸಂಭಾಷಣೆಯಲ್ಲಿ ಹೇಳಿಸುವ ಅಗತ್ಯವೇ ಇಲ್ಲ. ಪೈಲ್ವಾನನ ಕೈ ಅಭ್ಯಾಸಬಲದಿಂದ ಎದುರಾಳಿಯ ಸೊಂಟಕ್ಕೆ ಹೋಗುವುದು, ಹಿಡಿದೊಡನೆ ರೆಫರಿ ಬಿಡಿಸುವುದು, ಕೈ ಗಾಳಿಯಲ್ಲಿ ಒಂದು ಕ್ಷಣ ನಿಲ್ಲುವುದು, ಈ ಮೂರು ಶಾಟಿನಲ್ಲಿ ಎಲ್ಲ ತಿಳಿಯುತ್ತದೆ.

ಗುದ್ದನ್ನು ಮೋಸದಿಂದ ತೋರಿಸಬಹುದು. ಕ್ಯಾಮೆರಾ ಒಬ್ಬನ ಹೆಗಲ ಹಿಂದಿದ್ದರೆ ಮುಷ್ಟಿಗೂ ದವಡೆಗೂ ನಡುವಿನ ಅರ್ಧ ಅಡಿ ಕಾಣುವುದಿಲ್ಲ. ಪಕ್ಕದಿಂದ ಹಿಡಿದರೆ ಬಟಾಬಯಲು. ಕುಸ್ತಿಯ ಪಟ್ಟಿಗೆ ಈ ಸೌಕರ್ಯವಿಲ್ಲ. ಢಾಕ್ (ಸೊಂಟದ ಮೇಲಿಂದ ಒಗೆಯುವ ಪಟ್ಟು) ಹಾಕುವಾಗ ಸೊಂಟ ನಿಜವಾಗಿಯೂ ಎದುರಾಳಿಯ ಅಡಿಗೆ ಹೋಗಬೇಕು, ಕಲಾಜಂಗ್‌ನಲ್ಲಿ ಆಳು ನಿಜವಾಗಿಯೂ ಹೆಗಲೇರಬೇಕು. ಇಲ್ಲಿ ಎತ್ತುವವನಿಗಿಂತ ಎತ್ತಿಸಿಕೊಳ್ಳುವವನ ಕೆಲಸ ದೊಡ್ಡದು. ಅವನು ಸರಿಯಾದ ಗಳಿಗೆಗೆ ಜಿಗಿಯಬೇಕು, ಗದ್ದ ಎದೆಗೆ ಒತ್ತಿರಬೇಕು, ಬೀಳುವಾಗ ಅಂಗೈಯಿಂದ ನೆಲ ಬಡಿದು ಪೆಟ್ಟನ್ನು ಹಂಚಬೇಕು. ನಿಜವಾದ ಕುಸ್ತಿಯಲ್ಲಿ ಒಗೆದವನೂ ಮೇಲೆಯೇ ಬೀಳುತ್ತಾನೆ. ಶೂಟಿಂಗಿನಲ್ಲಿ ಅವನ ಭಾರ ಪಕ್ಕಕ್ಕೆ, ಅಂಗೈ ನೆಲಕ್ಕೆ. ಒಂದು ಎತ್ತುಗೆಗೆ ನಾಲ್ಕು ಟೇಕು ಮೀರಿದರೆ ಕಾಲು ನಡುಗುತ್ತದೆ, ಐದನೆಯದರಲ್ಲೇ ಕತ್ತು ಮುರಿಯುವ ಅಪಾಯ. ಎರಡು ಕ್ಯಾಮೆರಾ ಇಡಲು ದುಡ್ಡಿರುವುದು ಒಂದೇ ದಿನಕ್ಕಾದರೆ, ಅದನ್ನು ಎತ್ತುಗೆಗಳ ದಿನಕ್ಕೆ ಇಟ್ಟುಕೊಳ್ಳಿ.

ನೆಲದ ಮೇಲಿನ ಬೀಗಗಳಲ್ಲಿ ಅಪಾಯ ಸದ್ದಿಲ್ಲದೆ ಬರುತ್ತದೆ. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಅದುಮಿದರೆ ಹತ್ತು ಸೆಕೆಂಡಿನೊಳಗೇ ಎಚ್ಚರ ತಪ್ಪಬಹುದು. ಆದ್ದರಿಂದ ಮುಂಗೈಯನ್ನು ಗದ್ದದ ಕೆಳಗೆ ಸೇರಿಸದೆ ಎದೆಯ ಮೇಲ್ಭಾಗಕ್ಕೆ ಒತ್ತಿ, ಹಿಡಿದವನು ತನ್ನದೇ ತೋಳಿನ ಸ್ನಾಯು ಬಿಗಿದು ನಡುಗಿಸಬೇಕು. ಕ್ಯಾಮೆರಾ ಅಡ್ಡ ಬದಿಯಲ್ಲಿರಲಿ. ತೋಳಿನ ಬೀಗದಲ್ಲಿ ಎದುರಾಳಿಯ ಮೊಣಕೈ ಹಿಡಿದವನ ಸೊಂಟದ ಗೆರೆಗಿಂತ ಕೆಳಗಿರಬೇಕು. ಮೊಣಕೈ ಸೊಂಟದ ಮೂಳೆಯ ಮೇಲೆ ಕೂತರೆ ಅದೇ ಮೀಟುಗೋಲಿನ ಆಧಾರ, ತುಸು ಒತ್ತಿದರೂ ಕೀಲು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಸೋಲೊಪ್ಪುವ ತಟ್ಟು. ಕೇಜ್‌ನಲ್ಲಿ ನೋವು ತಡೆಯದಿದ್ದಾಗ ಎದುರಾಳಿಯ ಮೈಯನ್ನು ತಟ್ಟುತ್ತಾರೆ. ಆದರೆ ದೃಶ್ಯದಲ್ಲೇ ತಟ್ಟುವುದಿದ್ದರೆ, ನಿಜವಾಗಿ ನೋವಾದಾಗ ತಟ್ಟಿದರೂ ಎಲ್ಲರೂ ನಟನೆ ಎಂದುಕೊಳ್ಳುತ್ತಾರೆ. ಅದಕ್ಕೇ ಬೇರೆ ಗುರುತು ಬೇಕು: ಹಿಮ್ಮಡಿಯಿಂದ ನೆಲಕ್ಕೆ ಮೂರು ಬಡಿತ, ಬಾಯಿ ಬಿಡುವಂತಿದ್ದರೆ 'ಕೆಂಪು' ಎಂಬ ಒಂದು ಮಾತು. ರೆಫರಿಯ ಪಾತ್ರಕ್ಕೆ ನಟನ ಬದಲು ನಿಜವಾದ ಕೋಚ್ ಒಬ್ಬರನ್ನೇ ಹಾಕಿದರೆ ಕ್ಯಾಮೆರಾ ಓಡುತ್ತಿರುವಾಗಲೂ ಫೈಟರುಗಳಿಂದ ಕೈಯಳತೆಯಲ್ಲಿ ಬಲ್ಲವರೊಬ್ಬರು ಇರುತ್ತಾರೆ. ಎರಡು ಸಂಬಳ ಒಂದಾಗುತ್ತದೆ ಎನ್ನುವುದು ಹೆಚ್ಚುವರಿ ಲಾಭ.

ಬೆವರಿಗೆ ಗ್ಲಿಸರಿನ್, ನೀರು ಸಮಸಮ ಬೆರೆಸಿ ಚಿಮುಕಿಸುವುದು ವಾಡಿಕೆ. ಹಿಡಿತದ ಶಾಟುಗಳಿಗೆ ಅದು ಶತ್ರು. ಎತ್ತುವ ದಿನ ಗ್ಲಿಸರಿನ್ ಮುಖದ ಕ್ಲೋಸಪ್ಪಿಗೆ ಮಾತ್ರ, ಮೈಗೆ ಬರಿಯ ನೀರು. ನಕಲಿ ರಕ್ತ ಕ್ಯಾನ್ವಾಸಿಗೆ ಬಿದ್ದರೆ ಹೋಗುವುದಿಲ್ಲವಾದ್ದರಿಂದ ಮೊದಲ ಸುತ್ತಿನ ಶಾಟುಗಳನ್ನು ಪೂರ್ತಿ ಮುಗಿಸಿಯೇ ರಕ್ತದ ಬಾಟಲಿ ತೆರೆಯಬೇಕು. ಮಣ್ಣಿನ ಅಖಾಡದಲ್ಲಿ ಪ್ರತಿ ಟೇಕಿನ ಕೊನೆಗೂ ಇಬ್ಬರ ಬೆನ್ನು, ಎದೆ, ಮೊಣಕಾಲಿನ ಫೋಟೊ ತೆಗೆದಿಟ್ಟುಕೊಳ್ಳದಿದ್ದರೆ ಎಡಿಟಿಂಗಿನಲ್ಲಿ ಒಂದು ಕಟ್‌ನಲ್ಲಿ ಮಣ್ಣು ಮಾಯ, ಇನ್ನೊಂದು ಕಟ್‌ನಲ್ಲಿ ಹಾಜರ್.

ಕ್ಯಾಮೆರಾದ ಮಾತು ಚುಟುಕಾಗಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಲೈಟಿನಡಿ 24 ಫ್ರೇಮಿನಲ್ಲಿ ಹಿಡಿಯುವಾಗ ಶಟರ್ 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡು ಇರಬೇಕು, ಇಲ್ಲದಿದ್ದರೆ ಚಿತ್ರ ಮಿಣುಕುತ್ತದೆ. ಗುದ್ದಿಗೆ 100ರಲ್ಲಿ ಒಂದು ಚೆನ್ನ, ಪೆಟ್ಟು ಚೂಪಾಗಿ ಕಾಣುತ್ತದೆ; ಕುಸ್ತಿಗೆ 50ರಲ್ಲಿ ಒಂದೇ ಸರಿ, ಮಣ್ಣು ಹಾರುವುದು ಮೃದುವಾಗಿ ಬರುತ್ತದೆ. 22 ಫ್ರೇಮಿನಲ್ಲಿ ಹಿಡಿದು 24ರಲ್ಲಿ ಓಡಿಸಿದರೆ ಸುಮಾರು ಶೇ 9ರಷ್ಟು ವೇಗ ಸಿಗುತ್ತದೆ. ಒದೆತಕ್ಕೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚಿಸಿದರೆ ಗೊಂಬೆಯಾಟ. ಜಾಲರಿಯ ಹೊರಗಿನಿಂದ ಹಿಡಿಯುವಾಗ 85 ಮಿ.ಮೀ. ಲೆನ್ಸನ್ನು ಅಪರ್ಚರ್ ಪೂರ್ತಿ ತೆರೆದು ಜಾಲರಿಗೆ ಒತ್ತಿಕೊಂಡಂತೆ ಇಟ್ಟರೆ ತಂತಿ ಕರಗಿ ಬರಿಯ ಮಂಜಿನಂತಾಗುತ್ತದೆ. ಲೈಟೆಲ್ಲ ಮೇಲಿನಿಂದಲೇ ಕೊಟ್ಟು ಸುತ್ತಲೂ ಕತ್ತಲು ಬಿಟ್ಟರೆ 60 ಮಂದಿ ಜೂನಿಯರ್ ಆರ್ಟಿಸ್ಟರನ್ನು ಎರಡೇ ಬದಿಗೆ ಗುಡ್ಡೆಹಾಕಿ ಕೂರಿಸಿ ಸಾವಿರ ಜನ ಅನ್ನಿಸಬಹುದು. ಕುಸ್ತಿಗೆ ಈ ಉಪಾಯ ನಡೆಯದು. ಅದು ಹಗಲಿನ ಆಟ, ಜನರ ಮುಖ ಕಾಣಬೇಕು. ಊರಿನವರನ್ನೇ ಕರೆದು ಕೂರಿಸಿ ನಿಜವಾದ ಎರಡು ಜೋಡಿ ಆಡಿಸಿದರೆ ಅವರ ಕೂಗು, ಶಿಳ್ಳೆ ಕೇಳಿ ಪಡೆಯಬೇಕಾದ್ದಿರುವುದಿಲ್ಲ.

ಎಡಿಟಿಂಗಿನಲ್ಲಿ ಅರ್ಧ ಸೆಕೆಂಡಿಗೊಂದು ಕಟ್ ಹಾಕುವ ಆಸೆ ಬರುತ್ತದೆ. ಗುದ್ದಾಟ ಅದನ್ನು ತಾಳುತ್ತದೆ, ಪಟ್ಟು ತಾಳದು. ಕೈ ಎಲ್ಲಿ ಹೋಯಿತು ಎಂದು ತೋರಿಸುವ ಒಂದು ಹತ್ತಿರದ ಶಾಟು, ಆಮೇಲೆ ತಲೆಯಿಂದ ಕಾಲಿನವರೆಗೆ ಕಾಣುವ ಅಗಲ ಶಾಟಿನಲ್ಲಿ ಪೂರ್ತಿ ಎತ್ತುಗೆ, ನಡುವೆ ಕತ್ತರಿ ಬೇಡ. ಅಖಾಡದ ಪಟ್ಟು ಕಣ್ಣಿಗೆ ಅರ್ಥವಾಗದಿದ್ದರೆ ಕೇಜ್‌ನಲ್ಲಿ ಅದೇ ಪಟ್ಟು ಸೋಲುವುದೂ ಅರ್ಥವಾಗುವುದಿಲ್ಲ. ಅದಕ್ಕೆ ನಾವು ಒಂದೇ ಢಾಕನ್ನು ಎರಡೂ ನೆಲದ ಮೇಲೆ, ಒಂದೇ ಲೆನ್ಸಿನಲ್ಲಿ, ಒಂದೇ ಎತ್ತರದಿಂದ ಹಿಡಿಯುತ್ತೇವೆ.

ಸದ್ದನ್ನು ಜಾಗದಲ್ಲೇ ಪ್ರತ್ಯೇಕವಾಗಿ ದಾಖಲಿಸಬೇಕು. ಜಾಲರಿಯ ಝಣಝಣ, ಬರಿಗಾಲು ಕ್ಯಾನ್ವಾಸಿಗೆ ಉಜ್ಜುವುದು, ಸುತ್ತು ಮುಗಿಯಲು ಹತ್ತು ಸೆಕೆಂಡಿರುವಾಗ ಎರಡು ಮರದ ತುಂಡು ತಟ್ಟುವ ಸದ್ದು. ಐದು ನಿಮಿಷದ ಸುತ್ತು, ಒಂದು ನಿಮಿಷದ ಬಿಡುವು ಎಂಬ ಗಡಿಯಾರವನ್ನು ಪೈಲ್ವಾನ ಮೊದಲು ಕೇಳಿಸಿಕೊಳ್ಳುವುದು ಈ ಟಕ್ ಟಕ್‌ನಲ್ಲಿ. ಬೆನ್ನು ಬೀಳುವ ಸದ್ದು ಮಣ್ಣಿನಲ್ಲಿ ತಗ್ಗಿದ 'ಧಪ್', ಪ್ಲೈವುಡ್ಡಿನ ಮೇಲೆ ಟೊಳ್ಳಾದ 'ಧಡಾರ್'. ಕೆಳಗಿನ ತೊಲೆಗಳ ನಡುವೆ ಹಳೆಯ ಕಂಬಳಿ ತುರುಕಿದರೆ ಟೊಳ್ಳು ಕಡಿಮೆಯಾಗುತ್ತದೆ. ಅಖಾಡದಲ್ಲಿ ಆ ಧಪ್‌ನ ಬೆನ್ನಿಗೇ ಹಲಗೆ, ಕೇಕೆ. ಕೇಜ್‌ನಲ್ಲಿ ಪೈಲ್ವಾನ ಎತ್ತಿ ಒಗೆದು, ಕೈ ಸಡಿಲಿಸಿ, ರೆಫರಿಯತ್ತ ತಲೆ ಎತ್ತುತ್ತಾನೆ. ಇಲ್ಲಿ ಜನರ ಸದ್ದನ್ನು ಪೂರ್ತಿ ಇಳಿಸಿ, ಕೆಳಗೆ ಬಿದ್ದವನ ಉಸಿರು ಮತ್ತು ಅವನ ಕಾಲು ಮೇಲಿನವನ ಹೆಗಲ ಮೇಲೆ ಸರಿಯುವ ಚರ್ಮದ ಸದ್ದು, ಇವೆರಡನ್ನೇ ಎರಡು ಸೆಕೆಂಡು ಬಿಡುತ್ತೇವೆ.